ಹಳೆಯ ಜೋಡಿಗೆ ಏನು ಕೊಡೋದು? ರೇಷ್ಮೆ, ಗಂಧ, ಚಿತ್ತಾರ, ಪ್ರವಾಸ

ನಮ್ಮ ಸಾಗರದ ಕಡೆ ಮದುವೆಗಳು ಜಾಸ್ತಿ ನಡೆಯುವುದು ಅಡಿಕೆ ಕೊಯ್ಲು ಮುಗಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ. ಹಾಗಾಗಿ ಮದುವೆಯ ವಾರ್ಷಿಕೋತ್ಸವಗಳೂ ಮಳೆಗಾಲದ ಹೊಸ್ತಿಲಲ್ಲೇ ಬರುತ್ತವೆ. ಏನೇ ಉಡುಗೊರೆ ಕೊಟ್ಟರೂ ಅದು ಸ್ವಲ್ಪ ದಿನದಲ್ಲೇ ಮಲೆನಾಡಿನ ತೇವ ತಡೆದುಕೊಳ್ಳಬೇಕು. ನಮ್ಮಲ್ಲಿ ಮದುವೆಯಾಗಿ 35-40 ವರ್ಷ ದಾಟಿದವರು ಅಪ್ಪ-ಅಮ್ಮ, ದೊಡ್ಡಪ್ಪ-ದೊಡ್ಡಮ್ಮ, ಶಿವಮೊಗ್ಗದಲ್ಲಿರುವ ಅತ್ತೆ-ಮಾವ. ಇವರಿಗೆ ಒಂದೊಂದು ಸಲ ಒಂದೊಂದು ಕೊಟ್ಟು, ಆಮೇಲೆ ಆ ಉಡುಗೊರೆ ಮನೆಯಲ್ಲಿ ಏನಾಯಿತು ಅಂತ ಗಮನಿಸುತ್ತಾ ಬಂದಿದ್ದೇನೆ. ನಾನು ನೋಡುವುದು ಎರಡೇ ವಿಷಯ. ಮಳೆಗಾಲ ದಾಟುತ್ತದಾ? ಇಬ್ಬರಿಗೂ ಸೇರಿದ್ದಾ, ಒಬ್ಬರಿಗೆ ಮಾತ್ರಾನಾ?

ಎಲ್ಲರಿಗೂ ಮೊದಲು ಹೊಳೆಯುವುದು ಮೈಸೂರು ರೇಷ್ಮೆ. ಅತ್ತೆಗೆ ಕೊಟ್ಟಿದ್ದು ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮದ ಸೀರೆ. 1912ರಲ್ಲಿ ಶುರುವಾದ ಕಾರ್ಖಾನೆಯದು. ಅದರ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಬೆಳ್ಳಿ ಇದೆ ಅಂದ ಮೇಲೆ ತೇವಕ್ಕೆ ಜರಿ ಕಪ್ಪಾಗುವ ಭಯವೂ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಬಾರದು. ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಮಳೆ ಬಿಟ್ಟ ದಿನ ತೆಗೆದು, ನೆರಳಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಇಡಬೇಕು. ಅತ್ತೆ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಾರೆ. ಮಾವನಿಗೆ ಜೊತೆಯಲ್ಲಿ ಪಂಚೆ, ಶಲ್ಯ ಕೊಟ್ಟಿದ್ದೆವು. ಅವತ್ತು ಮನೆಗೆ ಬಂದವರೆಲ್ಲ ಸೀರೆಯನ್ನೇ ಮುಟ್ಟಿ ಮುಟ್ಟಿ ನೋಡಿದರು. ಶಲ್ಯದ ಕಡೆ ಯಾರ ಕಣ್ಣೂ ಹೋಗಲಿಲ್ಲ. ದಿನ ಇಬ್ಬರದ್ದೂ ಅಲ್ವಾ?

ಬಟ್ಟೆಯೇ ಕೊಡಬೇಕು ಅಂತಿದ್ದರೆ ಹೆಗ್ಗೋಡಿನ ಚರಕದ ಕೈಮಗ್ಗದ ಬಟ್ಟೆ ನನಗೆ ರೇಷ್ಮೆಗಿಂತ ಹಿಡಿಸಿತು. ಹೆಂಗಸರ ಸಹಕಾರ ಸಂಘ ಅದು, ನೈಸರ್ಗಿಕ ಬಣ್ಣ ಹಾಕಿದ ಹತ್ತಿ ಬಟ್ಟೆ ಮಾಡುತ್ತಾರೆ. ಅಮ್ಮನಿಗೆ ಸೀರೆ, ಅಪ್ಪನಿಗೆ ಅಂಗಿ ತಂದೆ. ಎರಡಕ್ಕೂ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ ಕೆಂಪು ಬಣ್ಣ. ಜೀವಮಾನವಿಡೀ ಅಡಿಕೆ ಬೇಯಿಸಿ ಕೈಯೆಲ್ಲ ಚೊಗರು ಮಾಡಿಕೊಂಡ ಅಪ್ಪ, ಅದೇ ಚೊಗರಿನ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಗ ಪೇಟೆಗೆ ಹೊರಟರೆ ಅದೇ ಅಂಗಿ. ಹೊಸದರಲ್ಲಿ ಬೇರೆ ಬಟ್ಟೆ ಜೊತೆ ಸೇರಿಸದೆ ತಣ್ಣೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿದರೆ ಸಾಕು.

ಬೆಳ್ಳಿ ದೀಪ, ಬೆಳ್ಳಿ ಲೋಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೊಟ್ಟ ದಿನವೇ ಬೀರು ಸೇರುತ್ತವೆ.

ಗಂಧದ ಕೆತ್ತನೆಯದು ಬೇರೆ ಕಥೆ. ಸಾಗರ, ಸೊರಬದ ಗುಡಿಗಾರರ ಕೈಕೆಲಸ ನಮ್ಮ ಜಿಲ್ಲೆಯ ಹೆಮ್ಮೆ. ಅಂಗೈಯಗಲದ ಗಣಪತಿಯಲ್ಲೂ ಬಳ್ಳಿ, ಎಲೆ, ಹೂವು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಅತ್ತೆ-ಮಾವನಿಗೆ ಅಂಥದ್ದೊಂದು ಕೊಟ್ಟಿದ್ದೇವೆ. ಪೇಟೆ ಮನೆಯ ಶೋಕೇಸಿನಲ್ಲಿ ಚೆನ್ನಾಗಿಯೇ ಉಳಿದಿದೆ. ಗಂಧ ತುಂಬಾ ದುಬಾರಿ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವವರೂ ಇರುತ್ತಾರೆ. ಹಾಗಾಗಿ ಗುರುತಿನ ಗುಡಿಗಾರರ ಹತ್ತಿರ, ಇಲ್ಲವೇ ಸರ್ಕಾರದ ಕಾವೇರಿ ಮಳಿಗೆಯಲ್ಲಿ ತಗೊಳ್ಳಿ. ಅಷ್ಟು ದುಡ್ಡಿಲ್ಲದಿದ್ದರೆ ಶಿವನೆ ಮರದ ಕೆತ್ತನೆ ಕೇಳಿ. ಒಂದು ಮಾತು ಮಾತ್ರ ನೆನಪಿರಲಿ. ಗಂಧದ ಹಾರ ಎಷ್ಟೇ ಚೆನ್ನಾಗಿದ್ದರೂ ವಯಸ್ಸಾದ ಜೋಡಿಗೆ ಬೇಡ. ಮನೆಗಳಲ್ಲಿ ಅದನ್ನು ತೀರಿಕೊಂಡವರ ಫೋಟೋಕ್ಕೆ ಹಾಕುತ್ತಾರೆ. ನೋಡಿದ ತಕ್ಷಣ ಮನಸ್ಸಿಗೆ ಬರುವುದು ಅದೇ.

ಈಗ ನನ್ನ ಮನಸ್ಸು ಗೆದ್ದದ್ದು: ಹಸೆಗೋಡೆ ಚಿತ್ತಾರ. ಅದು ಮಲೆನಾಡಿನ ದೀವರ ಸಮುದಾಯದ ಗೋಡೆ ಚಿತ್ರ, ನಮ್ಮದೂ ದೀವರ ಮನೆತನ. ಮದುವೆಯಲ್ಲಿ ಹೆಣ್ಣು-ಗಂಡನ್ನು ಹಸೆಗೆ ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಹೆಂಗಸರು ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಕರಿದಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ದೊಡ್ಡಪ್ಪ-ದೊಡ್ಡಮ್ಮನ ಮದುವೆಗೆ ಬರೆದ ಗೋಡೆ ಈಗಿಲ್ಲ. ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದಾಗ ಅದೂ ಹೋಯಿತು. ಅವರ 40ನೇ ವರ್ಷಕ್ಕೆ, ನಮ್ಮ ಕಡೆಯ ಚಿತ್ತಾರ ಬರೆಯುವ ಒಬ್ಬ ಅಕ್ಕನಿಗೆ ಹೇಳಿ, ಅದೇ ಮಣ್ಣು, ಅದೇ ಅಕ್ಕಿಯ ಬಣ್ಣದಲ್ಲಿ ಬಟ್ಟೆಯ ಮೇಲೆ ಬರೆಸಿ ಕಟ್ಟು ಹಾಕಿಸಿದೆ. ರೇಷ್ಮೆ ಸೀರೆಯ ಅರ್ಧ ದುಡ್ಡೂ ಆಗಲಿಲ್ಲ.

ಬಿಚ್ಚಿದ ತಕ್ಷಣ ದೊಡ್ಡಮ್ಮ ಹತ್ತಿರ ಬಂದು ಬೆರಳಿಟ್ಟು ನೋಡಿದರು. "ನಮ್ಮತ್ತೆ ಬರೆದಿದ್ದಕ್ಕೆ ಎಳೆ ಇನ್ನೂ ಸಣ್ಣ ಇತ್ತು ಕಣೆ," ಅಂದರು. ದೊಡ್ಡಪ್ಪ, "ನಿನಗೇನು ಗೊತ್ತು, ನೀನು ಅವತ್ತು ತಲೆಯೇ ಎತ್ತಿರಲಿಲ್ಲ," ಅಂದರು. ಅಲ್ಲಿಂದ ಶುರುವಾದ ಮಾತು ಊಟದ ಹೊತ್ತು ದಾಟಿತು. ಗೋಡೆ ಯಾವ ದಿಕ್ಕಿಗಿತ್ತು, ಹಾಡು ಹೇಳಿದವರು ಯಾರು, ಚಪ್ಪರಕ್ಕೆ ಸೊಪ್ಪು ತಂದವರು ಯಾರು. ಬೇರೆ ಯಾವ ಉಡುಗೊರೆಯೂ ಇಬ್ಬರನ್ನೂ ಹೀಗೆ ಒಟ್ಟಿಗೆ ಮಾತಾಡಿಸಿದ್ದನ್ನು ನಾನು ನೋಡಿಲ್ಲ. ದೀವರಲ್ಲದವರ ಮನೆಯಲ್ಲಾದರೆ ಈ ನೆನಪು ಇರುವುದಿಲ್ಲ, ಒಪ್ಪುತ್ತೇನೆ. ಅವರ ಮದುವೆಯಲ್ಲಿ ಏನಿತ್ತು, ಈಗ ಏನಿಲ್ಲ ಅಂತ ಕೇಳಿ ತಿಳಿದುಕೊಂಡರೆ ಅವರ ಉಡುಗೊರೆಯೂ ಅಲ್ಲೇ ಸಿಗುತ್ತದೆ.

ಮಳೆಗೆ ಇದೂ ಸೂಕ್ಷ್ಮವೇ. ಗಾಜು ಚಿತ್ತಾರಕ್ಕೆ ತಾಗಿರಬಾರದು. ನಡುವೆ ಅಂತರ ಬರುವ ಹಾಗೆ ಸುತ್ತಲೂ ದಪ್ಪ ರಟ್ಟಿನ ಮೌಂಟ್ ಕೊಡಿಸಬೇಕು. ಇಲ್ಲದಿದ್ದರೆ ಒಳಗೆ ತೇವ ಕೂತು ಬೂಸ್ಟು ಬರುತ್ತದೆ. ಇರಚಲು ಹೊಡೆಯುವ ಪಡುವಣ ಗೋಡೆಗೆ ತೂಗುಹಾಕಬೇಡಿ. ಒಳಗಿನ ಗೋಡೆ ಒಳ್ಳೆಯದು. ದೊಡ್ಡಮ್ಮ ಅಡುಗೆಮನೆ ಪಕ್ಕದ ಬೆಚ್ಚಗಿನ ಗೋಡೆಗೆ ಹಾಕಿದ್ದಾರೆ. ಈವರೆಗೂ ಬಣ್ಣ ಕೆಟ್ಟಿಲ್ಲ.

ಇದಕ್ಕೆ ಸಮನಾಗಿ ನಿಲ್ಲುವುದು ಪ್ರವಾಸ ಒಂದೇ. ಅಪ್ಪ-ಅಮ್ಮನನ್ನು ಸಿಗಂದೂರು, ಜೋಗ, ಇಕ್ಕೇರಿಗೆ ಕರೆದುಕೊಂಡು ಹೋದೆವು. 2025ರ ಜುಲೈನಲ್ಲಿ ಸಿಗಂದೂರಿನ ದಾರಿಯ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದ ಮೇಲೆ ವಯಸ್ಸಾದವರಿಗೆ ಲಾಂಚಿಗೆ ಕಾಯುವ ಕಷ್ಟ ಇಲ್ಲ, ಕಾರು ದೇವಸ್ಥಾನದ ಕಡೆಗೇ ಹೋಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಹತ್ತಿ ಇಳಿಯುವುದು ಕಡಿಮೆ, ನಿಧಾನಕ್ಕೆ ಕೂತು ನೋಡಬಹುದು. ಜೋಗದಲ್ಲಿ 253 ಮೀಟರ್ ಬೀಳುವ ನೀರನ್ನು ಮೇಲಿನಿಂದಲೇ ನೋಡಿ ಬನ್ನಿ. ಕೆಳಗಿನ ಮೆಟ್ಟಿಲು ಮಂಡಿನೋವಿನವರಿಗಲ್ಲ.

ತೊಂದರೆ ಇರುವುದು ದಿನದ್ದು. ಮೇ ತಿಂಗಳಲ್ಲಿ ಜೋಗದಲ್ಲಿ ನೀರು ಸಣ್ಣ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಔಷಧಿ ಹೊಡೆಯುವವರು ಸಿಕ್ಕ ದಿನ ಯಾವ ಅಪ್ಪನೂ ತೋಟ ಬಿಟ್ಟು ಬರುವುದಿಲ್ಲ. ಎರಡನೇ ಸಲ ಹೊಡೆದು ಮುಗಿಸಿದ ಮೇಲೆ, ಆಗಸ್ಟ್ ಕೊನೆಗೆ ಹೊರಟರೆ ತೋಟವೂ ನಿಶ್ಚಿಂತೆ, ಜೋಗವೂ ತುಂಬಿರುತ್ತದೆ. ವಾರ್ಷಿಕೋತ್ಸವದ ದಿನ ಬರೀ ಮಾತು ಕೊಟ್ಟರೆ ಸಾಕಾಗದು. ಅವತ್ತೇ ತಾರೀಕು ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಓಡಾಡುವ ಶಕ್ತಿ ಇಬ್ಬರಿಗೂ ಇದ್ದರೆ ನಾನು ಪ್ರವಾಸ ಅನ್ನುತ್ತೇನೆ, ಕೈಕಾಲು ಗಟ್ಟಿ ಇರುವಾಗಲೇ ಹೋಗಿಬರಲಿ. ಒಬ್ಬರಿಗೆ ಆಗದಿದ್ದರೂ ಚಿತ್ತಾರ. ಚಿತ್ತಾರಕ್ಕೆ ಫೆಬ್ರವರಿಯಲ್ಲೇ ಹೇಳಿಡಿ. ಏಪ್ರಿಲ್ ಬಂದರೆ ಬರೆಯುವ ಹೆಂಗಸರಿಗೆ ಮದುವೆ ಮನೆಗಳ ಕೆಲಸವೇ ಸಾಕಷ್ಟು ಇರುತ್ತದೆ.