ಮಳೆಗಾಲದಲ್ಲಿ ‘ಬಂದರು ಕಾಣುವ ಕೋಣೆ’ಗೆ ಮುಂಗಡ ಕಳಿಸುವ ಮೊದಲು

ಬರೆಯಲೋ ಬೇಡವೋ ಎಂದು ಹದಿನೈದು ದಿನ ಸುಮ್ಮನಿದ್ದೆ. ಮರ್ಯಾದೆಯ ಪ್ರಶ್ನೆ. ಬಿರುಬೇಸಿಗೆಯಲ್ಲಿ ಜೋಗಕ್ಕೆ ಬಂದು “ನೀರೆಲ್ಲಿ?” ಎಂದು ಕೇಳುವ ಬೆಂಗಳೂರಿನವರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನು. ಈಗ ಜೂನ್ ತಿಂಗಳಲ್ಲಿ ಗಂಗೊಳ್ಳಿ ಬಂದರಿಗೆ ಹೋಗಿ “ದೋಣಿ ಎಲ್ಲಿ?” ಎಂದು ಕೇಳಿ ಬಂದಿದ್ದೇನೆ. ಅದೂ ಆರು ಜನರನ್ನು ಕರೆದುಕೊಂಡು, 9,600 ರೂಪಾಯಿ ಕೊಟ್ಟು.

ನಮ್ಮದು ಹೊಸನಗರದ ಹತ್ತಿರದ ಹಳ್ಳಿ. ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮೊದಲ ಸಲದ ಬೋರ್ಡೋ ಔಷಧಿ ಹೊಡೆದಾಗಿತ್ತು, ಗದ್ದೆ ಕೆಲಸಕ್ಕೆ ಇನ್ನೂ ವಾರ ಇತ್ತು. ಸಮುದ್ರ ನೋಡಬೇಕೆಂದು ಅಮ್ಮನಿಗೆ ಬಹಳ ದಿನದಿಂದ ಆಸೆ. ಆಗ ಯಾರೋ ವಾಟ್ಸಾಪಿನಲ್ಲಿ ಕಳಿಸಿದರು: ‘ಮುಂಗಾರು ವಿಶೇಷ. ಎರಡು ದಿನ. ಬಂದರು ಕಾಣುವ ಕೋಣೆ, ಮೂರು ಹೊತ್ತು ತಾಜಾ ಮೀನಿನ ಊಟ, ಐದು ನದಿ ಸೇರುವ ಅಳಿವೆಯಲ್ಲಿ ದೋಣಿ ವಿಹಾರ, ಹೊಳೆ ನಡುವಿನ ನಡುಗಡ್ಡೆ ಕುದ್ರುವಿನಲ್ಲಿ ಚಹಾ. ಕುಂದಾಪುರದ ಎದುರಿಗೇ.’ ಚಿತ್ರಗಳಲ್ಲಿ ನೀಲಿ ನೀರು, ನೀಲಿ ಆಕಾಶ. ಜೂನ್ ತಿಂಗಳಲ್ಲಿ ನೀಲಿ ಆಕಾಶ! ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಫೋನಿನಲ್ಲಿ ಆ ಕೋಣೆ ಬಾಡಿಗೆಗೆ ಕೊಡುವವನ ಮಾತು ಜೇನಿನ ಹಾಗಿತ್ತು. ಅಂದೇ 5,000 ಮುಂಗಡ ಕಳಿಸಿದೆ.

ಎರಡನೇ ಶನಿವಾರ ಭಾವನವರಿಗೆ ರಜೆ. ಮಕ್ಕಳಿಗೆ ಶಾಲೆ ತಪ್ಪಿಸಿ ಹೊರಟೆವು. ಹುಲಿಕಲ್ ಘಾಟಿಯಲ್ಲಿ ಹತ್ತು ಅಡಿ ಮುಂದಿನ ರಸ್ತೆ ಕಾಣದಷ್ಟು ಮಂಜು, ಚಂಡಿಕಾಂಬಾ ಗುಡಿಯ ಎದುರು ಕಾರು ನಿಲ್ಲಿಸಿ ಕೈಮುಗಿದೆವು. ನಮ್ಮ ಮಾಣಿ ಅಣೆಕಟ್ಟಿನ ವಾರಾಹಿಯೂ ಕೊನೆಗೆ ಗಂಗೊಳ್ಳಿಯಲ್ಲಿಯೇ ಸಮುದ್ರ ಸೇರುವುದು ಎಂದು ದಾರಿಯುದ್ದಕ್ಕೂ ಮಕ್ಕಳಿಗೆ ಪಾಠ ಮಾಡಿದೆ. ಅಷ್ಟು ತಿಳಿದವನು!

ಕುಂದಾಪುರ ತಲುಪಿ ಫೋನ್ ಮಾಡಿದರೆ, “ಎದುರಿಗೇ ಇದ್ದೇವೆ ಸರ್, ಹೊಳೆಯ ಆಚೆ” ಎಂದ. ಆಚೆ ಇರುವುದು ನಿಜ. ಕಣ್ಣಿಗೆ ಕಾಣುತ್ತದೆ. ಆದರೆ ಅಲ್ಲಿ ದಾಟಲು ಸೇತುವೆ ಇಲ್ಲ! ಹೆದ್ದಾರಿ ಹಿಡಿದು ತ್ರಾಸಿಯವರೆಗೆ ಹೋಗಿ, ಅಲ್ಲಿಂದ ಮತ್ತೆ ದಕ್ಷಿಣಕ್ಕೆ ತಿರುಗಿ ಬರಬೇಕು. ಹೆಚ್ಚುಕಡಿಮೆ 15 ಕಿಲೋಮೀಟರ್ ಸುತ್ತು. “ಎದುರಿಗೇ ಎಂದಿದ್ದೆ, ಹತ್ತಿರ ಎಂದಿರಲಿಲ್ಲವಲ್ಲ” ಎಂದು ನಕ್ಕ. ನಾನೂ ನಕ್ಕೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಬಾಗಿಲಲ್ಲಿ ನಿಂತು, “ಮೊದಲು ಬಾಕಿ, ಆಮೇಲೆ ಕೀಲಿ” ಎಂದ. ಮಳೆ ಹೊಯ್ಯುತ್ತಿತ್ತು, ಅಮ್ಮ ಕಾರಿನಲ್ಲಿ, ಮಕ್ಕಳಿಗೆ ಹಸಿವು. ಉಳಿದ 4,600 ಕೊಟ್ಟೆ. ಕೋಣೆ ನೋಡದೆ ಕೊಟ್ಟೆ. ಹೌದು, ನೋಡದೆ.

ಕೋಣೆ ಇದ್ದದ್ದು ಐಸ್ ಕಾರ್ಖಾನೆಯ ಹಿಂಬದಿಯಲ್ಲಿ. ಕಿಟಕಿ ತೆಗೆದರೆ ಪಾಚಿ ಕಟ್ಟಿದ ಗೋಡೆ, ಅದರ ಮೇಲೆ ಒಂದು ಬೆಕ್ಕು. ಹಾಸಿಗೆ ಹೊದಿಕೆಗೆ ಬೂಸಲಿನ ವಾಸನೆ. ಬಂದರು ಎಲ್ಲಿ ಎಂದು ಕೇಳಿದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಮೇಲಿನ ಗಾಳಿಕಿಂಡಿ ತೋರಿಸಿದ. ತಿರುಗಿಸಿಟ್ಟ ಬಕೆಟಿನ ಮೇಲೆ ಹತ್ತಿ ನೋಡಿದರೆ ಎರಡು ಬೋಟುಗಳ ತುದಿಕಂಬ ಕಾಣಿಸಿತು. ನಲವತ್ತೆಂಟು ವರ್ಷದವನು ನಾನು, ಬಕೆಟಿನ ಮೇಲೆ ನಿಂತಿದ್ದೇನೆ, ಕೆಳಗೆ ಭಾವನವರು ನನ್ನನ್ನೇ ನೋಡುತ್ತಿದ್ದಾರೆ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಂಜೆ ಮಳೆ ಸ್ವಲ್ಪ ಹೊಳವಾದಾಗ ಬಂದರಿಗೆ ನಡೆದೆವು. ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ಕಟ್ಟಿಹಾಕಿದ್ದವು. ಶೆಡ್ಡಿನಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು, “ದೋಣಿ ವಿಹಾರ ಎಲ್ಲಿ ಹೊರಡುತ್ತದೆ?” ಎಂದು ಕೇಳಿದೆ. ಅವರು ಸೂಜಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. “ಯಾವ ಊರು ನಿಮ್ಮದು? ಈ ಹೊಳೆ ನೋಡಿ, ಇದರಲ್ಲಿ ಯಾರು ವಿಹಾರಕ್ಕೆ ಇಳಿಯುತ್ತಾರೆ ಮಾರಾಯರೇ? ಬೋಟುಗಳಿಗೂ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ರಜೆ.” ಮೀನು ಮರಿ ಮಾಡುವ ಕಾಲವಂತೆ, ಕರಾವಳಿಯಲ್ಲಿ ಪ್ರತಿ ವರ್ಷವೂ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಕಡಲು ಬಿಟ್ಟುಕೊಟ್ಟ ದಿನ ನಾಡದೋಣಿಯವರು ಹೋಗಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರಿನ ಮಕ್ಕಳಿಗೂ ಗೊತ್ತಿರುವ ಲೆಕ್ಕ. ನನಗೆ ಗೊತ್ತಿರಲಿಲ್ಲ. ಆ ಬಾಗಿಲಲ್ಲಿ ನಿಂತು ದುಡ್ಡು ಎಣಿಸಿಕೊಂಡವನಿಗೆ ಗೊತ್ತಿತ್ತು. ಆ ಹಿರಿಯರ ಮುಂದೆ ನಿಂತಿದ್ದ ಆ ಎರಡು ನಿಮಿಷ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು.

ತಿರುಗಿ ಬಂದು ಕೇಳಿದಾಗ ಅವನ ಉತ್ತರಗಳು, ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

ದೋಣಿ? “ಹವಾಮಾನ ಅನುಕೂಲವಿದ್ದರೆ ಎಂದು ಹಾಕಿದ್ದೇನೆ, ಸರಿಯಾಗಿ ಓದಿ ಸರ್.” ಹಾಕಿದ್ದ. ಕೊನೆಯ ಚಿತ್ರದ ಅಡಿಯಲ್ಲಿ, ಸಾಸಿವೆಕಾಳಿನಷ್ಟು ಅಕ್ಷರದಲ್ಲಿ.

ತಾಜಾ ಮೀನು? ಮಧ್ಯಾಹ್ನದ ಬಂಗುಡೆ ಹಿಟ್ಟಿನ ಹಾಗೆ ಪುಡಿಯಾಗುತ್ತಿತ್ತು, ರಾತ್ರಿಯೂ ಅದೇ. “ಐಸಿನಲ್ಲಿಟ್ಟರೆ ಮೀನು ಕೆಡುವುದಿಲ್ಲ, ಕೆಡದಿದ್ದರೆ ತಾಜಾ ಅಲ್ಲವೇ?”

ದುಡ್ಡು ವಾಪಸ್? “ಆಗಸ್ಟಿನಲ್ಲಿ ಬನ್ನಿ, ಹೊಂದಿಸಿಕೊಳ್ಳೋಣ.”

ಕೊನೆಗೆ ಒಂದು ಮಾತು ಹೇಳಿದ ನೋಡಿ, ಅದು ಈಗಲೂ ಚುಚ್ಚುತ್ತದೆ: “ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ ಎಂದು ಘಟ್ಟದ ಮೇಲಿನವರಿಗೆ ನಾನು ಹೇಳಿಕೊಡಬೇಕೇ?”

ಮರುದಿನ ಬೆಳಿಗ್ಗೆಯೇ ಹೊರಟೆವು. ಮರವಂತೆಯಲ್ಲಿ ಅಲೆಗಳು ತಡೆಗಲ್ಲಿಗೆ ಬಡಿದು ಎದ್ದೇಳುತ್ತಿದ್ದವು, ಕಾರಿನಿಂದ ಇಳಿಯಲೂ ಆಗಲಿಲ್ಲ. ಅಮ್ಮ ಗಾಜು ಒರೆಸಿ ಒರೆಸಿ ನೋಡಿ, “ಮಳೆ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇನೋ?” ಎಂದಳು. ಮನೆಗೆ ಬಂದರೆ ಪಕ್ಕದ ಮನೆಯ ಹುಡುಗರು ಗದ್ದೆ ಬದುವಿನಲ್ಲಿ ಹತ್ತುಮೀನು, ಅಂದರೆ ಮಳೆನೀರಿಗೆ ಹಳ್ಳದಿಂದ ಹತ್ತಿ ಬರುವ ಮೀನು, ಹಿಡಿದು ನಮ್ಮ ಪಾಲನ್ನೂ ತಂದಿಟ್ಟಿದ್ದರು. ಪಾತ್ರೆಯಲ್ಲಿ ಇನ್ನೂ ಮಿಸುಕುತ್ತಿದ್ದವು. ತಾಜಾ ಎಂದರೆ ಅದು.

ಊರಿನ ಮೇಲೆ ನನಗೆ ಸಿಟ್ಟಿಲ್ಲ. ಆ ಬಲೆಯ ಹಿರಿಯರು ಮಕ್ಕಳನ್ನು ಒಳಗೆ ಕೂರಿಸಿ ಚಹಾ ತರಿಸಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಮೀನು, ದೋಣಿ ಎಂದು ಆಸೆಪಟ್ಟು ಜೂನ್, ಜುಲೈಯಲ್ಲಿ ಘಟ್ಟ ಇಳಿಯಬೇಡಿ. ಇಳಿಯಲೇಬೇಕಾದರೆ ಕೋಣೆಯ ಕಿಟಕಿಯಿಂದ ಇವತ್ತೇ ತೆಗೆದ ವಿಡಿಯೊ ಕೇಳಿ, ಬಾಗಿಲು ತೆಗೆಸಿ ನೋಡಿ ಬಾಕಿ ಕೊಡಿ. ಜೇನಿನಂಥ ಮಾತಾಡಿದರೆ ಫೋನ್ ಇಟ್ಟುಬಿಡಿ.

ನನ್ನ ನಂಬರನ್ನು ಅವನು ಬ್ಲಾಕ್ ಮಾಡಿದ್ದಾನೆ. ನಿನ್ನೆ ಭಾವನವರು ತಮ್ಮ ಫೋನಿನಲ್ಲಿ ಅವನ ಸ್ಟೇಟಸ್ ತೋರಿಸಿದರು. ಅದೇ ನೀಲಿ ನೀರು, ಅದೇ ನೀಲಿ ಆಕಾಶ. ಈಗ ಹೆಸರು ‘ಆಷಾಢ ವಿಶೇಷ’. ಆರು ಜನಕ್ಕೆ 8,400.