ಚಿಚ್ಮಾನಿಯೋ, ವ್ಲ್ಕೊಲಿನೆಟ್ಸೋ?

ಸ್ಲೊವಾಕಿಯಾದಲ್ಲಿ ಒಂದೇ ಒಂದು ಬೆಟ್ಟದ ಹಳ್ಳಿ ನೋಡಲು ಬಿಡುವಿದ್ದರೆ ಯಾವುದಕ್ಕೆ ಹೋಗಬೇಕು?

ಚಿಚ್ಮಾನಿಯ ಸೊಗಸೆಲ್ಲ ಗೋಡೆಗಳಲ್ಲೇ ಇದೆ. ಕಪ್ಪಗಾದ ಮರದ ದಿಮ್ಮಿಗಳ ಮೇಲೆ ಬಿಳಿ ಸುಣ್ಣದ ಚಿತ್ತಾರ. ಊರಿನ ಹೆಂಗಸರ ಕಸೂತಿಯಲ್ಲೂ ಇಂಥದ್ದೇ ವಿನ್ಯಾಸ. ನಮ್ಮ ಹಸೆ ಚಿತ್ತಾರ ನೋಡಿದವರಿಗೆ ಕಣ್ಣು ತುಂಬುತ್ತದೆ. ಮೊದಮೊದಲು ಸುಣ್ಣ ಬಳಿದದ್ದು ಮರ ಹಾಳಾಗದಿರಲಿ ಅಂತ. ಅಂದ ಆಮೇಲೆ ಬಂತು. 1921ರಲ್ಲಿ ಬೆಂಕಿ ಬಿದ್ದು ಬಹಳ ಮನೆ ಸುಟ್ಟವು. ಜನ ಹಳೇ ರೀತಿಯಲ್ಲೇ ಮತ್ತೆ ಕಟ್ಟಿದರು.

ವ್ಲ್ಕೊಲಿನೆಟ್ಸ್ 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸುಮಾರು 45 ಮನೆಗಳು, 1770ರ ಮರದ ಗಂಟೆ ಗೋಪುರ, ಓಣಿಯ ನಡುವೆ ಹರಿಯುವ ಪುಟ್ಟ ತೊರೆ. ಇಲ್ಲಿ ಚಿತ್ತಾರ ಇಲ್ಲ, ಆದರೆ ಹಳ್ಳಿಯ ಹಳೇ ಸ್ವರೂಪ ಜಾಸ್ತಿ ಉಳಿದಿದೆ. ಕೆಲವರು ಈಗಲೂ ವಾಸವಿದ್ದಾರೆ, ಹಾಗಾಗಿ ಕಿಟಕಿಯಲ್ಲಿ ಇಣುಕಬೇಡಿ.

ಕಸೂತಿ, ರಂಗೋಲಿ ಇಷ್ಟವಾದರೆ ಚಿಚ್ಮಾನಿ. ನನ್ನ ಮನಸ್ಸೂ ಅತ್ತಲೇ.