ಗ್ಲಾಸ್ ಒಡೆಯುವ ಹ್ಯಾಮರ್ ಕೊಳ್ಳುವ ಮೊದಲು ಕಾರಿನ ಗ್ಲಾಸ್ ನೋಡಿ

ಕಾರು ನೀರಿನಲ್ಲಿ ಸಿಕ್ಕಿಕೊಂಡರೆ ಇರಲಿ ಅಂತ ಎಷ್ಟೋ ಜನ ಒಂದು ಪುಟ್ಟ ಹ್ಯಾಮರ್ ತಂದು ಗ್ಲೋವ್ ಬಾಕ್ಸ್‌ಗೆ ಹಾಕಿಡುತ್ತಾರೆ. ನಮ್ಮ ಕಾರಿನಲ್ಲೂ ಇತ್ತು. ಕಿತ್ತಳೆ ಬಣ್ಣದ ಹಿಡಿ, ಎರಡು ಕಡೆ ಮೊನೆ, ಬುಡದಲ್ಲಿ ಸೀಟ್ ಬೆಲ್ಟ್ ಕತ್ತರಿಸುವ ಬ್ಲೇಡ್. ಒಂದೇ ಏಟಿಗೆ ಗ್ಲಾಸ್ ಪುಡಿ ಅಂತ ಪ್ಯಾಕೆಟ್ ಮೇಲೆ ದಪ್ಪ ಅಕ್ಷರ ಬೇರೆ.

ಒಂದು ರಾತ್ರಿ ಜೋರು ಮಳೆಯಲ್ಲಿ ಅಂಡರ್‌ಪಾಸ್‌ಗೆ ನೀರು ನುಗ್ಗಿ ಕಾರು ಆಫ್ ಆಯಿತು. ಪವರ್ ವಿಂಡೋ ಕೆಲಸ ನಿಲ್ಲಿಸಿತ್ತು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ಅಲುಗಲೇ ಇಲ್ಲ. ಹ್ಯಾಮರ್ ತೆಗೆದು ಪಕ್ಕದ ಗ್ಲಾಸಿಗೆ ಬಾರಿಸಿದರೆ ಟಕ್ ಅಂತ ಸದ್ದು, ಅಷ್ಟೇ. ಮತ್ತೆ ಮತ್ತೆ ಬಾರಿಸಿದ ಮೇಲೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು, ಆದರೆ ಗ್ಲಾಸ್ ಇದ್ದಲ್ಲೇ ಇತ್ತು. ಕೊನೆಗೆ ಹ್ಯಾಮರಿನ ಮೊನೆಯೇ ಕಿತ್ತು ಸೀಟಿನ ಕೆಳಗೆ ಬಿತ್ತು. ಅಷ್ಟರಲ್ಲಿ ಹೊರಗಿದ್ದವರು ಯಾರೋ ಕಬ್ಬಿಣದ ರಾಡಿನಿಂದ ಹಿಂದಿನ ಗ್ಲಾಸ್ ಒಡೆದು ನಮ್ಮನ್ನು ಎಳೆದುಕೊಂಡರು. ಅದು ಮಾತ್ರ ಒಂದೇ ಏಟಿಗೆ ಪುಡಿಪುಡಿಯಾಯಿತು!

ಯಾಕೆ ಅಂತ ಗ್ಯಾರೇಜಿನಲ್ಲಿ ಗೊತ್ತಾಯಿತು. ಹಿಂದಿನದು ಟೆಂಪರ್ಡ್ ಗ್ಲಾಸ್, ಅಂದರೆ ಒಡೆದರೆ ಸಣ್ಣ ಸಣ್ಣ ಚೂರಾಗಿ ಉದುರುವಂಥದ್ದು. ಪಕ್ಕದ್ದು ಲ್ಯಾಮಿನೇಟೆಡ್. ಲ್ಯಾಮಿನೇಟೆಡ್ ಅಂದರೆ ಎರಡು ಗ್ಲಾಸಿನ ನಡುವೆ ಪ್ಲಾಸ್ಟಿಕ್ ಪದರ, ಮುಂದಿನ ವಿಂಡ್‌ಶೀಲ್ಡ್ ಇರುವ ಹಾಗೆ. ಬಿರುಕು ಬಿಟ್ಟರೂ ಕಳಚಿ ಬೀಳುವುದಿಲ್ಲ. ಈಗ ಪಕ್ಕದ ಕಿಟಕಿಗೂ ಅದನ್ನು ಹಾಕುವ ಕಾರುಗಳು ಜಾಸ್ತಿಯಾಗುತ್ತಿವೆ. ಅಮೆರಿಕದ ವಾಹನ ಚಾಲಕರ ಸಂಸ್ಥೆ ಎಎಎ 2019ರಲ್ಲಿ ಇಂಥ 6 ಟೂಲ್‌ಗಳನ್ನು ಪರೀಕ್ಷಿಸಿತ್ತು. ಟೆಂಪರ್ಡ್ ಗ್ಲಾಸ್ ಒಡೆದದ್ದು 4 ಮಾತ್ರ. ಲ್ಯಾಮಿನೇಟೆಡ್ ಮುಂದೆ ಒಂದೂ ನಡೆಯಲಿಲ್ಲ.

ಮಾರಿದವರಿಗೆ ಬರೆದರೆ 'ಇದು ಟೆಂಪರ್ಡ್ ಗ್ಲಾಸಿಗೆ ಮಾತ್ರ' ಅಂತ ಉತ್ತರ ಬಂತು. ಪ್ಯಾಕೆಟ್ ಮೇಲೆ ಆ ಮಾತೇ ಇಲ್ಲ. ಕಿತ್ತು ಬಂದ ಮೊನೆಯ ಬಗ್ಗೆ ಕೇಳಿದ್ದಕ್ಕೆ ಉತ್ತರವೂ ಇಲ್ಲ.

ಹಾಗಾಗಿ ಮೊದಲು ಪ್ರತಿ ಗ್ಲಾಸಿನ ಮೂಲೆಯಲ್ಲಿರುವ ಸಣ್ಣ ಅಚ್ಚು ಓದಿ. ಟೆಂಪರ್ಡ್ ಅಥವಾ ಲ್ಯಾಮಿನೇಟೆಡ್ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಬರೀ ಕೋಡ್ ಇದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಒಡೆಯುವಂಥ ಗ್ಲಾಸ್ ಯಾವುದು ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಟೂಲ್ ಕೊಳ್ಳುವುದಾದರೆ ಸ್ಪ್ರಿಂಗ್ ಇರುವುದನ್ನೇ ಕೊಳ್ಳಿ, ಗ್ಲಾಸಿಗೆ ಒತ್ತಿ ಹಿಡಿದರೆ ತಾನೇ ಚುಚ್ಚುವಂಥದ್ದು. ನೀರೊಳಗೆ ಕೈ ಬೀಸಿ ಹ್ಯಾಮರ್ ಹೊಡೆದು ನೋಡಿ, ಏಟಿಗೆ ಬಲವೇ ಇರುವುದಿಲ್ಲ. ಎಎಎ ಪರೀಕ್ಷೆಯಲ್ಲೂ ಸ್ಪ್ರಿಂಗ್ ಟೂಲ್‌ಗಳೇ ಮೇಲು. ಒತ್ತುವುದು ಗ್ಲಾಸಿನ ನಡುವೆ ಅಲ್ಲ, ಮೂಲೆಯ ಹತ್ತಿರ. ಗ್ಲೋವ್ ಬಾಕ್ಸ್ ಬೇಡವೇ ಬೇಡ, ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗುವ ಕಡೆ ಗಟ್ಟಿಯಾಗಿ ಸಿಕ್ಕಿಸಿ. ಹೆಡ್‌ರೆಸ್ಟ್ ಕಿತ್ತು ಗ್ಲಾಸ್ ಒಡೆಯಿರಿ ಅನ್ನುವ ವಿಡಿಯೋಗಳನ್ನು ನಂಬಿ ಕೂರಬೇಡಿ. ಅದನ್ನು ಮಾಡಿರುವುದು ಆ ಕೆಲಸಕ್ಕಲ್ಲ.

ಕಿಟಕಿಯೆಲ್ಲ ಲ್ಯಾಮಿನೇಟೆಡ್ ಆಗಿದ್ದರೆ ಟೂಲ್ ಬರೀ ಬೆಲ್ಟ್ ಕತ್ತರಿಸಲು. ಆಗ ತಪ್ಪಿಸಿಕೊಳ್ಳಲು ಇರುವುದು ಕಾರು ನೀರಿಗೆ ಬಿದ್ದ ಮೊದಲ ಒಂದು ನಿಮಿಷದಷ್ಟು ಹೊತ್ತು ಮಾತ್ರ. ಕಾರು ಹೆಚ್ಚುಕಡಿಮೆ ಅಷ್ಟು ಹೊತ್ತು ತೇಲುತ್ತದೆ, ನೀರು ಗ್ಲಾಸಿನ ಮಟ್ಟಕ್ಕೆ ಬರುವವರೆಗೆ ಪವರ್ ವಿಂಡೋ ಸಾಮಾನ್ಯವಾಗಿ ಇಳಿಯುತ್ತದೆ. ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಫೋನ್ ಮಾಡುವುದೆಲ್ಲ ಆಮೇಲೆ.